ದೊಡ್ಡಪ್ಪ ಓದುವ ಪೇಪರ್

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಪೇಪರನ್ನು ಮನಸ್ಸಿನೊಳಗೆ ಓದುವವರಲ್ಲ. ಜಗುಲಿಯಲ್ಲಿ ಕೂತು ದಪ್ಪ ಅಕ್ಷರ ಮಾತ್ರ ಜೋರಾಗಿ ಓದುತ್ತಾರೆ. ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕು, ಅದು ಎಲ್ಲೋ ಇರುತ್ತೆ. ಅಡುಗೆಮನೆಯಿಂದ ದೊಡ್ಡಮ್ಮ ಉತ್ತರ ಕೊಡುತ್ತಾರೆ. ಈ ಜುಗಲ್‌ಬಂದಿಯಲ್ಲಿ ಹುಟ್ಟುವ ಸುದ್ದಿ ಯಾವ ಪೇಪರಿನಲ್ಲೂ ಇರುವುದಿಲ್ಲ.

ಮಳೆಗಾಲದಲ್ಲಿ ಬಸ್ಸಿನಲ್ಲಿ ಬರುವ ಪೇಪರ್ ಅರ್ಧ ಒದ್ದೆ. ಒಂದು ದಿನ 'ಲಿಂಗನಮಕ್ಕಿ' ಅನ್ನುವ ಪದ ಮಡಿಕೆಯೊಳಗೆ ಅಂಟಿಕೊಂಡಿತ್ತು. ಹೊರಗೆ ಕಂಡಿದ್ದು '1800 ಅಡಿಗೆ ಏರಿಕೆ'. ಅಡಿಕೆ ಬೆಳೆಗಾರರ ಕಣ್ಣಿಗೆ 'ಗೆ' ಯಾಕೆ ಕಾಣಬೇಕು?

"ಏ, ಕೇಳ್ತೇನೇ? ಅಡಿಕೆ 1800 ಏರಿದೆ!"

"ಕ್ವಿಂಟಾಲಿಗಾ? ಹಾಗಾದ್ರೆ ಈಗ್ಲೇ ಕೊಡಬೇಡಿ, ಇನ್ನೂ ಏರಬಹುದು."

ದೊಡ್ಡಪ್ಪ ಮಂಡಿಗೆ ಫೋನ್ ಮಾಡಿ ಚೀಲ ಕಳಿಸಲ್ಲ ಅಂದೇಬಿಟ್ಟರು. ಮಡಿಕೆ ಬಿಡಿಸಿದಾಗ ಏರಿದ್ದು ಡ್ಯಾಮಿನ ನೀರು. ಭರ್ತಿಯಾಗಲು 1819 ಅಡಿ ಬೇಕು. "ನೀರಾದ್ರೂ ಏರಿತಲ್ಲ ಮಾರಾಯ" ಅಂತ ಸಮಾಧಾನ ಮಾಡಿಕೊಂಡರು. ಮಂಡಿಗೆ ಮತ್ತೆ ಫೋನ್ ಮಾಡಲು ಮಾತ್ರ ನಾಚಿಕೆ.

'ರಾಶಿ ಭವಿಷ್ಯ'ವನ್ನಂತೂ ಅವರು ಯಾವಾಗಲೂ ರಾಶಿ ಅಡಿಕೆಯ ಮುಂದಿನ ರೇಟು ಅಂತಲೇ ಓದುತ್ತಾರೆ. ಇದು ಬೇಕಂತಲೇ. ಜ್ಯೋತಿಷಿಗಳಿಗಿಂತ ಹೆಚ್ಚು ಸಲ ಸರಿಹೋಗಿದೆ ಅನ್ನುವುದು ಅವರ ವಾದ.

ಇನ್ನು ರಾಜಕೀಯ. ನಮ್ಮ ಪೇಪರುಗಳಿಗೆ ಕಾಂಗ್ರೆಸ್ ಅಂದ್ರೆ ಕೈ, ಬಿಜೆಪಿ ಅಂದ್ರೆ ಕಮಲ, ಜೆಡಿಎಸ್ ಅಂದ್ರೆ ತೆನೆ. ಚಳಿಗಾಲದಲ್ಲೊಮ್ಮೆ ಜಗುಲಿಯಿಂದ "ಕೈಯಲ್ಲಿ ಮತ್ತೆ ಬಿರುಕು" ಅಂತ ಕೇಳಿಸಿತು. ದೊಡ್ಡಮ್ಮ ಒಲೆ ಮುಂದಿನಿಂದ ಎದ್ದು, ಮುರುಗಲ ತುಪ್ಪದ ಉಂಡೆ ತಂದು ಅವರ ಮಡಿಲಿಗೆ ಹಾಕಿದರು. "ಬಿಸಿ ಮಾಡಿ ಹಚ್ಕೊಳ್ಳಿ, ಎರಡು ದಿನದಲ್ಲಿ ಕೂಡುತ್ತೆ."

ಇವರದ್ದು ಓದುವವರ ತಪ್ಪು. ಅಚ್ಚು ಹಾಕುವವರೇ ಎಡವಿದ್ದೂ ಉಂಟು. 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಶಿಕಾಗೋದ ಪತ್ರಿಕೆಯೊಂದು ಟ್ರೂಮನ್ ಸೋತರು ಅಂತ ದಪ್ಪಕ್ಷರದಲ್ಲಿ ಹಾಕಿತ್ತು. ಮುದ್ರಣ ಕೆಲಸಗಾರರ ಮುಷ್ಕರ ನಡೆಯುತ್ತಿತ್ತು, ಪೇಪರ್ ಬೇಗ ಅಚ್ಚಿಗೆ ಹೋಗಬೇಕಿತ್ತು, ಎಣಿಕೆ ಮುಗಿಯುವ ತನಕ ಕಾಯಲಿಲ್ಲ. ಗೆದ್ದ ಟ್ರೂಮನ್ ಅದೇ ಪೇಪರ್ ಎತ್ತಿಹಿಡಿದು ನಗುತ್ತಿರುವ ಫೋಟೋ ಈಗಲೂ ಓಡಾಡುತ್ತದೆ. ಮೊಬೈಲಿನಲ್ಲಿ ತೋರಿಸಿದೆ. ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ದೊಡ್ಡಮ್ಮ ನಗಲಿಲ್ಲ. "ಅಷ್ಟೂ ಪೇಪರ್ ರದ್ದಿಗೆ ಹಾಕಿದ್ರಾ? ಕೆಜಿಗೆ ಎಷ್ಟು ಸಿಕ್ಕಿತಂತೆ?"