ಹಸಿದವನ ಪ್ರಶ್ನೆ

ರಾತ್ರಿ ಪಕ್ಕದ ರೂಮಿನ ಹುಡುಗ ಬಾಗಿಲು ತಟ್ಟಿ ಅಣ್ಣಾ ವೈಫೈ ಪಾಸ್‌ವರ್ಡ್ ಏನು ಅಂದ. ಹೇಳಿದೆ, ಬಾಗಿಲು ಹಾಕ್ಕೊಂಡೆ.

ತಟ್ಟೆ ತೊಳೀತಾ ಇರೋವಾಗ ಹೊಳೀತು, ಆ ಪಾಸ್‌ವರ್ಡ್ ಇಟ್ಟಿದ್ದೇ ಅವನು.

ಪ್ರವಾದಿ ಮುಹಮ್ಮದರ (ಸ) ಸಂಗಾತಿ ಅಬೂ ಹುರೈರಾ (ರ) ನೆನಪಾದ್ರು. ಅವರ ಹೆಸರಲ್ಲಿ 5374 ಹದೀಸ್, ಅಂದ್ರೆ ಪ್ರವಾದಿಯವರ ನಡೆನುಡಿಯ ವರದಿಗಳ ಲೆಕ್ಕ ಹೇಳ್ತಾರೆ, ಆದ್ರೆ ನಂಗೆ ಯಾವಾಗ್ಲೂ ಕಾಡೋದು ಅವರ ಹಸಿವು. ಯಮನ್ ಕಡೆಯ ದೌಸ್ ಕುಲದವರು, ಹಿಜರಿ 7ರಲ್ಲಿ ಮದೀನಾಕ್ಕೆ ಬಂದು ಮಸೀದಿಯ ಸುಫ್ಫಾದಲ್ಲೇ, ಅಂದ್ರೆ ಮನೆಯಿಲ್ಲದ ಬಡವರು ಇರ್ತಿದ್ದ ನೆರಳಿನ ಜಾಗದಲ್ಲೇ ಇದ್ದವರು, ಹೊಟ್ಟೆಗೆ ಕಲ್ಲು ಕಟ್ಕೊಳ್ತಿದ್ರು. ಒಂದಿನ ಜನ ಓಡಾಡೋ ದಾರೀಲಿ ಕೂತು ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕರ್ (ರ) ಹತ್ರ ಕುರ್‌ಆನಿನ ಒಂದು ಆಯತ್ (ವಾಕ್ಯ) ಬಗ್ಗೆ ಕೇಳಿದ್ರು, ಕೇಳಿದ್ದು ಆಯತ್‌ಗೋಸ್ಕರ ಅಲ್ಲ, ಊಟಕ್ಕೆ ಕರೀತಾರೇನೋ ಅಂತ. ಅವರು ಹೊರಟೋದ್ರು. ಇನ್ನೊಬ್ಬ ಸಂಗಾತಿ ಉಮರ್ (ರ) ಬಂದ್ರು, ಅವರಿಗೂ ಅದೇ ಪ್ರಶ್ನೆ, ಅವರೂ ಹೋದ್ರು. ಅಷ್ಟು ಒಳ್ಳೆಯವರಿಗೂ ಗೊತ್ತಾಗ್ಲಿಲ್ಲ ನೋಡಿ.

ಪ್ರವಾದಿಯವರು (ಸ) ಬಂದ್ರು. ಮುಖ ನೋಡಿದ್ರು, ಮುಗುಳ್ನಕ್ಕರು, ಬಾ ಅಂದ್ರು.

ಮನೇಲಿ ಇದ್ದಿದ್ದು ಯಾರೋ ಕೊಟ್ಟ ಒಂದು ಬಟ್ಟಲು ಹಾಲು. ಸುಫ್ಫಾದವರನ್ನೆಲ್ಲ ಕರಿ ಅಂದ್ರು. ಅಷ್ಟು ಜನಕ್ಕೆ ಇದು ಎಲ್ಲಿ ಸಾಕಾಗುತ್ತೆ, ನಂಗೇನು ಉಳಿಯುತ್ತೆ ಅಂತ ಇವರಿಗೆ ಸಂಕಟ, ಆದ್ರೂ ಕರೆದ್ರು, ಒಬ್ಬೊಬ್ಬರಿಗೂ ತಾವೇ ಬಟ್ಟಲು ಹಿಡಿದ್ರು, ಎಲ್ಲರಿಗೂ ಹೊಟ್ಟೆ ತುಂಬ್ತು. ಆಮೇಲೆ ಪ್ರವಾದಿಯವರು ಕೂತ್ಕೋ, ಕುಡಿ ಅಂದ್ರು. ಕುಡಿದ್ರು. ಇನ್ನೂ ಕುಡಿ. ಇನ್ನು ಜಾಗ ಇಲ್ಲ ಅನ್ನೋವರೆಗೂ. ಉಳಿದದ್ದನ್ನ ಪ್ರವಾದಿಯವರು ಕೊನೇಲಿ ಕುಡಿದ್ರು.

ಕೈ ಒರೆಸ್ಕೊಂಡು ಹೋಗಿ ಅವನ ಬಾಗಿಲು ತಟ್ಟಿದೆ. ಊಟ ಆಯ್ತಣ್ಣ ಅಂದ. ಅನ್ನ ಸಾರು ಇದೆ, ಬಾ ಅಂದೆ. ಎರಡು ಸಲ ಬೇಡ ಅಂದ.

ಮೂರನೇ ಸಲ ಚಪ್ಪಲಿ ಹಾಕ್ಕೊಂಡ.