ಹಳೆ ಜರ್ಮನ್ ಚಾಕುವಿಗೆ ಪಾಲಿಶ್ ಯಾಕೆ ಹಾಕಿಸಲ್ಲ?

ನನ್ನ ಹತ್ತಿರ ಇರುವ ಹಳೆ ಜರ್ಮನ್ ಪಾಕೆಟ್ ಚಾಕುಗಳನ್ನು ನೋಡಿದವರೆಲ್ಲ ಕೇಳುವುದು ಇದನ್ನೇ: "ಇಷ್ಟು ಕಪ್ಪಾಗಿವೆಯಲ್ಲ, ಒಂದ್ಸಲ ಪಾಲಿಶ್ ಹಾಕಿಸಿಬಿಡಬಾರದಾ?" ನನ್ನ ಉತ್ತರ: ದಯವಿಟ್ಟು ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಆ ಕಪ್ಪಿನ ವಿಷಯ. ಹಳೆಯ ಚಾಕುಗಳ ಅಲಗು ಹೆಚ್ಚಾಗಿ ಕಾರ್ಬನ್ ಸ್ಟೀಲಿನದು. ಈಳಿಗೆಮಣೆಯಲ್ಲಿ ಮಾವಿನಕಾಯಿ ಹೆಚ್ಚಿದರೆ ಅಲಗು ಕಪ್ಪಾಗುತ್ತದೆ ಅಲ್ವಾ, ಇದೂ ಹಾಗೇ. ಯಾರೋ ವರ್ಷಗಟ್ಟಲೆ ಸೇಬು, ಈರುಳ್ಳಿ ಕೊಯ್ದು ಬಂದ ಬಣ್ಣ ಅದು. ಈ ತೆಳು ಪದರ ಉಕ್ಕಿಗೆ ಅಂಟಿಕೊಂಡು ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅಲಗನ್ನು ತಿನ್ನುವುದು ಕೆಂಪು ತುಕ್ಕು ಮಾತ್ರ. ಅದು ಕಂಡರೆ ಒಂದು ಹನಿ ಮಿಷಿನ್ ಎಣ್ಣೆ ಬಿಟ್ಟು, ಮಾರನೇ ದಿನ ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಸಾಕು.

ಇನ್ನು ಆ ಅಲಗಿನ ಮೇಲಿರುವ ಕೆಲಸ. ಈ ಚಾಕುಗಳಲ್ಲಿ ಬಹುಪಾಲು ಸೋಲಿಂಗೆನ್ ಊರಿನವು. ಅಲ್ಲಿ ಒಬ್ಬನೇ ಕೂತು ಇಡೀ ಚಾಕು ಮಾಡುವ ಪದ್ಧತಿ ಇರಲಿಲ್ಲ. ಕಮ್ಮಾರ ಬಡಿದ ಅಲಗಿಗೆ ಇನ್ನೊಬ್ಬ ಹದ ಕೊಡುತ್ತಿದ್ದ, ಮತ್ತೊಬ್ಬ ಸಾಣೆ ಹಿಡಿಯುತ್ತಿದ್ದ. ವುಪ್ಪರ್ ನದಿಯ ದಂಡೆಯಲ್ಲಿ ನೀರಿನ ಚಕ್ರದಿಂದ ತಿರುಗುವ ಸಾಣೆಮನೆಗಳಿದ್ದವು. ಅವಕ್ಕೆ 'ಕೊಟ್ಟನ್' ಅನ್ನುತ್ತಾರೆ. ಬಾಲ್ಕ್‌ಹೌಸರ್ ಕೊಟ್ಟನ್ ಇವತ್ತಿಗೂ ನಿಂತಿದೆ. ಕೊನೆಗೆ ಸ್ಪ್ರಿಂಗ್, ಅಲಗು, ಹಿಡಿ ಎಲ್ಲವನ್ನೂ ಅರದಿಂದ ಉಜ್ಜಿ ಕೂಡಿಸುವವನು 'ರೈಡರ್'. ಒಂದು ಒಳ್ಳೆ ಚಾಕುವನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಕೂದಲೆಳೆಯಂಥ ಗೀರುಗಳು ಒತ್ತೊತ್ತಾಗಿ ಕಾಣುತ್ತವೆ. ಸಾಣೆಯವನು ಬಿಟ್ಟುಹೋದ ಗುರುತು ಅವು. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಆ ಗೀರುಗಳೂ ಹೋಗುತ್ತವೆ, ಉಗುರು ಸಿಕ್ಕಿಸಿ ತೆರೆಯುವ ಕಚ್ಚಿನ ಚೂಪು ಅಂಚೂ ಸವೆಯುತ್ತದೆ. ಹೊಳಪು ಬರುತ್ತದೆ ನಿಜ, ಆದರೆ ಕೈಯಲ್ಲಿ ಉಳಿಯುವುದು ಯಾವುದೋ ಒಂದು ಚಾಕು.

ಇದಕ್ಕಿಂತ ಜಾಸ್ತಿ ನಷ್ಟ ಮುದ್ರೆಯದು. ಅಲಗಿನ ಬುಡದಲ್ಲಿ, ಹಿಡಿಯ ಹತ್ತಿರ, ತಯಾರಕರ ಗುರುತು ಒತ್ತಿರುತ್ತಾರೆ. ಹೆಂಕೆಲ್ಸ್ ಕಂಪನಿಯ ಅವಳಿಗಳ ಚಿತ್ರ 1731ರಷ್ಟು ಹಳೆಯ ಗುರುತು. ಬೋಕರ್‌ನದು ಮರ, ಕಾಫ್‌ಮನ್‌ನದು ನೆಗೆಯುವ ಬೆಕ್ಕು. ಕಾಲ ಹೇಳುವ ಸುಳಿವೂ ಅಲ್ಲೇ ಇರುತ್ತದೆ. ಅಮೆರಿಕದ 1890ರ ಸುಂಕದ ಕಾಯ್ದೆಯ ನಂತರ, ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಹಾಕುವುದು ಕಡ್ಡಾಯವಾಯಿತು. 'ವೆಸ್ಟ್ ಜರ್ಮನಿ' ಅಂತಿದ್ದರೆ ಅದು 1949ರಿಂದ 1990ರ ನಡುವಿನ ಕಾಲ. ಬುಡದ ಮುದ್ರೆ ಸ್ವಲ್ಪ ಆಳ ಇರುವುದರಿಂದ ಒಂದೆರಡು ಪಾಲಿಶ್ ತಡೆದುಕೊಳ್ಳಬಹುದು. ಅಲಗಿನ ಮೈಮೇಲೆ ಆಸಿಡ್‌ನಿಂದ ಬರೆದ ಅಕ್ಷರ, ಚಿತ್ರ ಮಾತ್ರ ತೀರಾ ತೆಳು. ಅದು ಒಂದೇ ಸಲಕ್ಕೆ ಅಳಿಸಿಹೋಗುತ್ತದೆ.

ಹಿಡಿಯ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಇದು ನಮ್ಮ ಕಾಡಿಗೂ ಸೇರಿದ್ದು. ಕೊಂಬಿನ ಹಿಡಿಗಳಲ್ಲಿ ಬಹಳ ಬೇಡಿಕೆ ಇದ್ದದ್ದು ಕಡವೆ ಕೊಂಬಿಗೆ. ಒಳಗೆ ಗಟ್ಟಿ, ಮೇಲೆ ಒಳ್ಳೆ ಏಣು. ಭಾರತದಿಂದ ಅದು ಯುರೋಪಿನ ಚಾಕು ಊರುಗಳಿಗೆ ಹೋಗುತ್ತಿತ್ತು. ಈಗ ಆ ರಫ್ತು ನಿಷೇಧ, ಅದು ಹಾಗೇ ಇರಬೇಕಾದ್ದೇ. ಹಾಗಾಗಿ ಹಳೆ ಚಾಕುವಿನ ಮೇಲಿರುವ ಕೊಂಬನ್ನು ಕೆಡಿಸಿದರೆ ಅಂಥದ್ದೇ ಇನ್ನೊಂದು ತಂದು ಕೂರಿಸುವುದು ಕಷ್ಟ. ಪಾಲಿಶ್ ಚಕ್ರ ಅದರ ಏಣುಗಳನ್ನೆಲ್ಲ ಬೋಳು ಮಾಡಿಬಿಡುತ್ತದೆ.

ಹಾಗಂತ ಸುಮ್ನೆ ಬಿಟ್ಟರೂ ಆಗಲ್ಲ. ಸೆಲ್ಯುಲಾಯ್ಡ್ (ಹಳೆ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹಿಡಿಯ ಚಾಕುಗಳ ಮೇಲೆ ಕಣ್ಣಿಡಬೇಕು. ಹಳೆಯದಾದಂತೆ ಕೆಲವು ಸೆಲ್ಯುಲಾಯ್ಡ್ ಕೊಳೆಯಲು ಶುರುವಾಗಿ ಆಸಿಡ್ ಹಬೆ ಬಿಡುತ್ತದೆ. ತನ್ನ ಅಲಗಿನ ಜೊತೆ ಪಕ್ಕದಲ್ಲಿರುವ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಅವನ್ನು ಬೇರೆಯಾಗಿ, ಗಾಳಿ ಆಡುವ ಕಡೆ ಇಡಿ. ಚರ್ಮದ ಚೀಲದಲ್ಲಂತೂ ಯಾವ ಚಾಕುವನ್ನೂ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಉಳಿದಂತೆ ಆಗಾಗ ತೆರೆದು, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ ಮಡಚಿಡಿ.