ಆ ಎರಡು ಸೊನ್ನೆ

ಮೂರು ವಾರಾಂತ್ಯ ಕೂತು ಲಿನಕ್ಸ್ ಫ್ರಮ್ ಸ್ಕ್ರಾಚ್ ಕಟ್ಟಿದೆ, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮನ್ನು ಬುಡದಿಂದ ನಾವೇ ಕಟ್ಟಿಕೊಳ್ಳುವುದು. ಎಲ್ಲವನ್ನೂ ಸೋರ್ಸ್ ಕೋಡ್‌ನಿಂದಲೇ ಕಂಪೈಲ್ ಮಾಡಿದ್ದು. ಜಿಸಿಸಿ ಅನ್ನುವ ಕಂಪೈಲರೇ ಕಂಪೈಲ್ ಆಗುವಾಗ ಲ್ಯಾಪ್‌ಟಾಪ್ ಮೇಲೆ ದೋಸೆ ಹುಯ್ಯಬಹುದಿತ್ತು. ನಿನ್ನೆ ರಾತ್ರಿ ಮೊದಲ ಸಲ ಬೂಟ್ ಮಾಡಿದರೆ ಕರ್ನಲ್ ಪ್ಯಾನಿಕ್, ಸಿಸ್ಟಮ್‌ನ ತಿರುಳಾದ ಕರ್ನಲೇ ಕೈಚೆಲ್ಲಿ ನಿಂತಿತು! ಸಿಸ್ಟಮ್‌ನ ಫೈಲ್‌ಗಳೆಲ್ಲ ಇರುವ ರೂಟ್ ಫೈಲ್ ಸಿಸ್ಟಮ್ ಮೌಂಟ್ ಆಗುತ್ತಿಲ್ಲ, 'ಅನ್‌ನೋನ್ ಬ್ಲಾಕ್ (0,0)' ಅಂತೆ.

ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್‌ನಲ್ಲಿ ರೂಟ್ ಡಿಸ್ಕ್ ಯಾವುದೆಂದು ಹೇಳುವ ಸಾಲನ್ನು ನಾಲ್ಕು ಸಲ ತಿದ್ದಿದೆ. ಸುಮ್ನೆ ಟೈಮ್ ಹಾಳು. ಉತ್ತರ ಆ ಎರಡು ಸೊನ್ನೆಯಲ್ಲೇ ಇತ್ತು: ನಾನು ಹೇಳಿದ ಡಿಸ್ಕ್ ಕರ್ನಲ್‌ಗೆ ಕಾಣಿಸಿಯೇ ಇಲ್ಲ. ಕರ್ನಲ್‌ನಲ್ಲಿ ಏನೇನಿರಬೇಕೆಂದು ಆರಿಸುವ ಮೆನುಕಾನ್ಫಿಗ್‌ನಲ್ಲಿ, ನನ್ನ ಡಿಸ್ಕ್‌ಗೆ ಬೇಕಾದ ಎನ್‌ವಿಎಂಇ ಡ್ರೈವರನ್ನು ಕರ್ನಲ್ ಒಳಗೇ ಸೇರಿಸದೆ ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಬೇರೆ ಫೈಲ್) ಮಾಡಿಬಿಟ್ಟಿದ್ದೆ. ಮಾಡ್ಯೂಲ್ ಇರುವುದು ಡಿಸ್ಕ್‌ನಲ್ಲಿ, ಡಿಸ್ಕ್ ಓದಲು ಬೇಕಾದ್ದು ಅದೇ ಮಾಡ್ಯೂಲ್. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ!

ಮೆನುವಿನಲ್ಲಿ ಮಾಡ್ಯೂಲ್ ಎನ್ನುವ 'ಎಂ' ತೆಗೆದು, ಒಳಗೇ ಸೇರಿಸು ಎನ್ನುವ ನಕ್ಷತ್ರ ಹಾಕಿದೆ, ಮತ್ತೆ ಮೇಕ್ ಕೊಟ್ಟು ಕರ್ನಲ್ ಕಟ್ಟಿದೆ. ಮತ್ತೆ ಅದೇ ಪ್ಯಾನಿಕ್. ಹೊಸ ಕರ್ನಲನ್ನು ಬೂಟ್ ಫೋಲ್ಡರ್‌ಗೆ ಕಾಪಿ ಮಾಡುವುದನ್ನೇ ಮರೆತಿದ್ದೆ. ಬೈಯೋಣವೆಂದರೆ ಬೇರೆ ಯಾರೂ ಇಲ್ಲ, ಎಲ್ಲ ನಾನೇ ಕಟ್ಟಿದ್ದು.

ಉಬುಂಟುವಿನಂಥ ಸಿದ್ಧ ಲಿನಕ್ಸ್ ಡಿಸ್ಟ್ರೋಗಳಲ್ಲಿ, ಬೂಟ್ ಆಗುವಾಗ ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಫೈಲ್ ಸಿಸ್ಟಮ್ ಈ ಡ್ರೈವರ್‌ಗಳನ್ನು ಮೊದಲೇ ಹೊತ್ತು ತರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಇಷ್ಟು ವರ್ಷ ಯಾರೋ ಬಡಿಸಿದ್ದನ್ನು ಉಂಡು ಉಪ್ಪು ಕಮ್ಮಿ ಅಂತಿದ್ದೆ, ಅಲ್ವಾ?

ಒಂದೂವರೆಗೆ ಲಾಗಿನ್ ಬಂತು. ಕಪ್ಪು ಪರದೆ, ಮಿಣುಕುವ ಕರ್ಸರ್. ಅಷ್ಟಕ್ಕೇ ಫೋಟೋ ಹೊಡೆದುಕೊಂಡೆ. ವೈಫೈ ಇನ್ನೂ ಬರುತ್ತಿಲ್ಲ.